ಹುಚ್ಚರಾಯಪ್ಪ ಮಾಡದ ಆಣೆ

ಆಣೆ ಮಾಡುವುದರಲ್ಲಿ ಹುಚ್ಚರಾಯಪ್ಪನನ್ನು ಮೀರಿಸುವವರು ಶಿಕಾರಿಪುರ ತಾಲ್ಲೂಕಿನಲ್ಲೇ ಇರಲಿಲ್ಲ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಅವನ ಕಸುಬು. ಅಂಜನಾಪುರ, ಈಸೂರು ಕಡೆಯ ರೈತರೆಲ್ಲ ಅವನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು, ಕೆಲಸ ಅಷ್ಟು ಚೊಕ್ಕ. ಆದರೆ ಸಂಜೆಯಾಯಿತೆಂದರೆ ಆ ಕೈ ಬಾಟಲಿ ಹುಡುಕುತ್ತಿತ್ತು. ಬರಬರುತ್ತಾ ಬೆಳಿಗ್ಗೆಯೂ ಹುಡುಕತೊಡಗಿತು. ಮರುದಿನ ಹೆಂಡತಿಯ ಮುಂದೆ ಆಣೆ. ತಾಯಾಣೆ, ದೇವರಾಣೆ, ಹುಚ್ಚರಾಯಸ್ವಾಮಿಯ ಆಣೆ! ತನಗೆ ಹೆಸರು ಕೊಟ್ಟ ದೇವರನ್ನೂ ಬಿಡಲಿಲ್ಲ ಪುಣ್ಯಾತ್ಮ. ನಿರ್ಮಲಾ ಪ್ರತಿಸಲವೂ ನಂಬಿದಳು. ನಂಬದೆ ಇನ್ನೇನು ಮಾಡಬೇಕಿತ್ತು, ಪಾಪ?

ಕೊನೆಗೊಮ್ಮೆ ಅವಳು ಮಗಳು ಶರಣ್ಯಳನ್ನೇ ತಂದು ಮುಂದೆ ನಿಲ್ಲಿಸಿದಳು. ಹುಚ್ಚರಾಯಪ್ಪ ಮಗುವಿನ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಅಂದ. ಆ ವಾರವೇ ಮುಟ್ಟಿದ. ಅದರ ಬೆನ್ನಿಗೇ ಶರಣ್ಯಳಿಗೆ ಜ್ವರ ಹತ್ತಿತು. ಡೆಂಗಿ ಅಂದರು ಡಾಕ್ಟರು. ಆಸ್ಪತ್ರೆಯ ಮಂಚದಲ್ಲಿ ಮಗು ಕಣ್ಣೇ ಬಿಡದೆ ಮಲಗಿದ್ದಾಗ ನಿರ್ಮಲಾ ಗಂಡನ ಮುಖ ನೋಡಿದಳು. ಸೊಳ್ಳೆ ಕಚ್ಚಿ ಬಂದ ಜ್ವರ ಅಂತ ಅವನಿಗೂ ಗೊತ್ತಿತ್ತು. ಗೊತ್ತಿದ್ದರೇನು, ಆ ತಲೆಯ ಮೇಲೆ ಇಟ್ಟದ್ದು ಅವನದೇ ಕೈಯಲ್ಲವೇ? ಮಗು ಹುಷಾರಾದ ಮೇಲೆ ನಿರ್ಮಲಾ ಅವಳನ್ನು ಕರೆದುಕೊಂಡು ಸೊರಬದ ತವರಿಗೆ ಹೊರಟುಹೋದಳು.

ಹಿಂದೆಯೇ ಕರೆತರಲು ಹೋದವನನ್ನು ಅತ್ತೆ ದುರ್ಗಮ್ಮ ಹೊಸಿಲು ದಾಟಲು ಬಿಡಲಿಲ್ಲ. ಬಿಡುವುದಾದರೂ ಹೇಗೆ, ಧೈರ್ಯಕ್ಕೆಂದು ಕುಡಿದೇ ಹೋಗಿದ್ದ! ವಾಪಸು ಬಂದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಹಿರಿಯರೊಬ್ಬರು ಪಕ್ಕದಲ್ಲಿ ಬಂದು ಕೂತರು. ಹಾರ್ಡ್‌ವೇರ್ ಅಂಗಡಿಯ ರೇಣುಕಾಪ್ರಸಾದ್.

"ಎಂತ ಮಾರಾಯ, ಬೆಳಿಗ್ಗೇನೇ ಹಾಕ್ಕಂಡಿದೀಯ?"

"ನಿಮಗ್ಯಾಕ್ರೀ ಅದೆಲ್ಲ?"

"ನಾನೂ ಇದೇ ಬೆಂಚಿನ ಮೇಲೆ ಬಿದ್ಕಂಡಿರ್ತಿದ್ದೆ, ಅದಕ್ಕೆ ಕೇಳ್ದೆ. ಭಾನುವಾರ ಶಾಲೆ ಹಿಂದಿನ ರೂಮಲ್ಲಿ ಸೇರ್ತೀವಿ. ಕುಡಿಯೋದು ಬಿಟ್ಟೋರು, ಬಿಡೋಕೆ ಒದ್ದಾಡೋರು. ಬಾ. ಕುಡಿದಿದ್ರೂ ಬಾ."

ಹುಚ್ಚರಾಯಪ್ಪ ಹೋದ. ಕುಡಿತ ಬಿಡಬೇಕೆಂದೇನೂ ಅಲ್ಲ, ಮಗಳಿರುವ ಬೀದಿಯನ್ನಾದರೂ ಒಮ್ಮೆ ಹಾದುಬರಬಹುದಲ್ಲ ಅಂತ. ಅಲ್ಲಿ ನಾಲ್ಕಾರು ಪ್ಲಾಸ್ಟಿಕ್ ಕುರ್ಚಿ, ಫ್ಲಾಸ್ಕಿನಲ್ಲಿ ಚಹಾ. ಒಬ್ಬೊಬ್ಬರೇ ತಮ್ಮ ಮಾನ ತಾವೇ ಕಳೆದುಕೊಳ್ಳುವ ಹಾಗೆ ಮಾಡಿದ್ದೆಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ತನ್ನ ಸರದಿ ಬಂದಾಗ ಅವನು ಅಭ್ಯಾಸಬಲದಿಂದ ಎದೆಯ ಮೇಲೆ ಕೈಯಿಟ್ಟು, "ತಾಯಾಣೆಗೂ ಇನ್ನು ಜೀವಮಾನದಾಗೆ ಮುಟ್ಟಲ್ರೀ" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ಹಂಗಿಸುವ ನಗುವಲ್ಲ, ಅವರೆಲ್ಲ ತಮ್ಮ ಕಾಲದಲ್ಲಿ ಆಡಿದ ಮಾತೇ ಅದು.

"ಆಣೆ ಇಲ್ಲಿ ಬ್ಯಾಡ ತಮ್ಮಾ," ಅಂದರು ರೇಣುಕಾಪ್ರಸಾದ್. "ಜೀವಮಾನದ್ದು ನಿಂಗೆಂತ ಗೊತ್ತು? ನಂಗೂ ಗೊತ್ತಿಲ್ಲ. ಇವತ್ತು ಕುಡೀದೆ ಇರ್ತೀಯಾ? ಅಷ್ಟು ಹೇಳು ಸಾಕು."

ಅಷ್ಟು ಹೇಳುವುದು ಎಷ್ಟು ಕಷ್ಟ ಅಂತ ಅವನಿಗೆ ಆಗ ಗೊತ್ತಾಯಿತು. ಹೇಳಿದ, ಆ ದಿನ ಕುಡಿಯಲಿಲ್ಲ. ಮುಂದೆ ನಡುನಡುವೆ ಜಾರಿದ್ದೂ ಉಂಟು. ಜಾರಿದಾಗ ಬಂದು ಜಾರಿದೆ ಅಂತಲೇ ಹೇಳಿದ. ಮಳೆಗಾಲ ಕಳೆದು ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಕೈನಡುಕ ನಿಂತಿತ್ತು, ಅಂಗಡಿಯ ಮುಂದೆ ಮತ್ತೆ ಮೋಟಾರುಗಳು ಇಳಿಯತೊಡಗಿದ್ದವು. ಸುದ್ದಿ ಸೊರಬಕ್ಕೂ ಮುಟ್ಟಿತು. ಬಂದು ಹೆಂಡತಿ ಮಗಳನ್ನು ಕರೆದುಕೊಂಡು ಹೋಗಲಿ ಅಂತ ದುರ್ಗಮ್ಮನೇ ಹೇಳಿಕಳಿಸಿದಳು.

ಅವನು ಹೋದಾಗ ಬಟ್ಟೆಯ ಬ್ಯಾಗು ಆಗಲೇ ಜಗಲಿಯ ಮೇಲಿತ್ತು. ಶರಣ್ಯ ಶಾಲೆಯ ಚೀಲವನ್ನು ಬೆನ್ನಿಗೇರಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಒಳಗೂ ಹೊರಗೂ ಓಡಾಡುತ್ತಿದ್ದಳು. ದುರ್ಗಮ್ಮ ಕಾಫಿ ಕೊಟ್ಟಳು. ಅವನು ಲೋಟ ಕೆಳಗಿಟ್ಟ ಮೇಲೆ ನಿರ್ಮಲಾ ಮಗಳನ್ನು ಹಿಡಿದು ಅವನ ಮುಂದೆ ನಿಲ್ಲಿಸಿದಳು.

"ಇವಳ ತಲೆ ಮುಟ್ಟಿ ಹೇಳ್ರಿ, ಇನ್ನು ಯಾವತ್ತೂ ಕುಡಿಯಲ್ಲ ಅಂತ. ಹಿಂದಿನ ಸಲ ಏನಾಯ್ತು ಅಂತ ಕಣ್ಣಾರೆ ನೋಡಿದೀರಿ. ಈ ಸಲ ನೀವು ತಪ್ಪಲ್ಲ, ನಂಗೊತ್ತು."

ಹುಚ್ಚರಾಯಪ್ಪ ಕೈ ಎತ್ತಿದ. ಎಣ್ಣೆ ಹಚ್ಚಿ ಬಾಚಿದ ಆ ಪುಟ್ಟ ತಲೆ ಆಸ್ಪತ್ರೆಯಲ್ಲಿ ಹೇಗೆ ಸುಡುತ್ತಿತ್ತು ಅನ್ನುವುದು ಅಂಗೈಗೆ ನೆನಪಾಯಿತು. ಕರೆಂಟು ಹೊಡೆದವನ ಹಾಗೆ ಕೈ ಹಿಂದೆ ತೆಗೆದ.

"ಇವತ್ತು ಕುಡಿದಿಲ್ಲ ನಿರ್ಮಲಾ. ಇವತ್ತು ಕುಡಿಯೋದೂ ಇಲ್ಲ. ನಾಳೇದು ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಈ ಕೂಸಿನ ತಲೆ ಮೇಲೆ ಹೊರಿಸ್ಲಾರೆ."

"ಹಂಗಾರೆ ಕುಡಿಯೋ ಯೋಚನೆ ಐತೆ." ನಿರ್ಮಲಾಳ ದನಿ ಒಡೆಯಿತು. "ಕುಡೀತಿದ್ದಾಗ ಬಾಯಿಗೆ ಬಂದಂಗೆ ಆಣೆ ಮಾಡ್ತಿದ್ರಿ. ಈಗ ನಾನು ಕೈಮುಗಿದು ಕೇಳಿದ್ರೂ ಆಗಲ್ಲ ಅಂತೀರಲ್ರೀ!"

"ಆ ಸಂಘದಾಗೆ ಕಲಿತದ್ದು ಇದನ್ನೇ ನೋಡು," ಅಂದಳು ದುರ್ಗಮ್ಮ. "ನುಣುಚ್ಕಳೋದು."

ಅಲ್ಲ ಅತ್ತೆ, ಹಾಗಲ್ಲ ಅಂತ ಬಿಡಿಸಿ ಹೇಳಲು ಹೊರಟ. ಇಷ್ಟು ವರ್ಷ ಸುಳ್ಳು ಹೇಳಿದವನ ನಿಜವನ್ನು ಯಾರಾದರೂ ಯಾಕೆ ನಂಬಬೇಕು? ನಿರ್ಮಲಾ ಜಗಲಿಯ ಮೇಲಿದ್ದ ಬ್ಯಾಗನ್ನು ಎತ್ತಿಕೊಂಡು, ಮಗಳ ರಟ್ಟೆ ಹಿಡಿದು ಒಳಗೆ ಹೋದಳು. ದುರ್ಗಮ್ಮ ಬಾಗಿಲು ಹಾಕಿದಳು.

ಅವನು ಮೆಟ್ಟಿಲಿಳಿದು ಬೀದಿಗೆ ಬಂದಾಗ ಕಿಟಕಿಯಿಂದ ಮಗು ಕರೆಯಿತು. ಸರಳು ಹಿಡಿದು ನಿಂತಿದ್ದಳು, ಅಳುತ್ತಿದ್ದಳು. ಚೀಲ ಇನ್ನೂ ಬೆನ್ನ ಮೇಲೇ ಇತ್ತು.

"ಅಪ್ಪಾ, ಸುಳ್ಳಾದ್ರೂ ಆಣೆ ಮಾಡ್ಬಾರ್ದಿತ್ತಾ? ನಾನು ಮನೆಗೆ ಬರ್ತಿದ್ನಲ್ಲ."