ಗೌಜಲಕ್ಕಿ ಭಾಸ್ಕರ

ನಮ್ಮ ಯಜಮಾನರಿಗೆ ಮೆಲ್ಬರ್ನಿನ ಕನ್ನಡದವರು ಇಟ್ಟ ಹೆಸರು ಗೌಜಲಕ್ಕಿ ಭಾಸ್ಕರ. ಹಿರಿಯೂರಿನ ಕಡೆ ಹುಟ್ಟಿ, ಗೌಜಲಕ್ಕಿಯ ಕೂಗು ಕೇಳಿ ಬೆಳೆದವರು. ಈ ದೇಶದಲ್ಲಿ ಗೌಜಲಕ್ಕಿ ಎಲ್ಲಿಂದ ಬರಬೇಕು? ಹುಲ್ಲಿನಲ್ಲಿ ಓಡಾಡುವ ಪುಟ್ಟ ಕ್ವೇಲ್ ಹಕ್ಕಿ ಇದೆ, ಅದೂ ಈಗ ಅಪರೂಪ. ಅದನ್ನೇ ಗೌಜಲಕ್ಕಿ ಎಂದು ಕರೆದು ಸಮಾಧಾನ ಮಾಡಿಕೊಂಡಿದ್ದರು.

ಡ್ಯಾಂಡಿನಾಂಗಿನ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಕ್ರೇಗಿಬರ್ನಿನ ಮನೆಗೆ ಬಂದರೆ ಶೂ ಬಿಚ್ಚುವ ಮೊದಲೇ ಹಿತ್ತಿಲಿನಲ್ಲಿ ಸಾಕಿದ್ದ ಕ್ವೇಲ್‌ಗಳ ಗೂಡಿಗೆ. ನನ್ನ ಊಟ ಆಯಿತೇ ಎಂದು ಕೇಳಿದ್ದಕ್ಕಿಂತ ಆ ಹಕ್ಕಿಗಳನ್ನು ಕೇಳಿದ್ದೇ ಹೆಚ್ಚು. ಆದರೆ ಕಾನೂನಿಗೆ ಹೆದರುವ ಮನುಷ್ಯ. ಲೈಸನ್ಸ್ ಮಾಡಿಸಿ, ಲೈಸನ್ಸ್ ಇದ್ದವರು ಸಾಕಿದ ಜೋಡಿಯನ್ನೇ ಕೊಂಡು, ಒಂದು ಮರಿ ಹುಟ್ಟಿದರೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಬಯಲಿನಲ್ಲಿ ಹಿಡಿದ ಹಕ್ಕಿ ಮನೆಯಲ್ಲಿ ಸಿಕ್ಕರೆ ಲೈಸನ್ಸೂ ಹೋಗುತ್ತದೆ, ಸಾಕಿದವೂ ಹೋಗುತ್ತವೆ ಎಂಬುದು ಬಾಯಿಪಾಠ. ನಾಲ್ಕು ವರ್ಷದಲ್ಲಿ ಎರಡಿದ್ದದ್ದು ಹನ್ನೊಂದಾಗಿತ್ತು.

2007ರ ಅಕ್ಟೋಬರಿನಲ್ಲಿ ಸಿಡ್ನಿಯ ರೌಸ್ ಹಿಲ್‌ನಿಂದ ಮನೋಜ್ ಕಾರಿನಲ್ಲಿ ಬಂದ. ಓದುವಾಗ ಇವರ ಜೊತೆ ಒಂದೇ ರೂಮಿನಲ್ಲಿದ್ದವನು. ಹಿಂದಿನ ಸೀಟಿನಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಕ್ವೇಲ್. ಅಲ್ಲಿ ಪರಿಚಯದವನೊಬ್ಬ ಸಾಕಿದವಂತೆ. ಈ ರಾಜ್ಯಕ್ಕೆ ತರುವ ಪರ್ಮಿಟ್ ಪೋಸ್ಟಿನಲ್ಲಿ ಬರುತ್ತಿದೆಯಂತೆ. ಕೊಳ್ಳುವವನು ಎರಡು ವಾರದಲ್ಲಿ ಒಯ್ಯುತ್ತಾನಂತೆ. ಅಲ್ಲಿಯವರೆಗೆ ಇಟ್ಟುಕೋ ಎಂದ. ಇವರು ಬೇರೆ ಗೂಡಿನಲ್ಲಿ ಬಿಟ್ಟರು.

ನಮ್ಮ ನೆರಳು ಬಿದ್ದರೆ ಸಾಕು, ಅವು ಹಾರಿ ಮೇಲಿನ ಬಲೆಗೆ ತಲೆ ಬಡಿದುಕೊಳ್ಳುತ್ತಿದ್ದವು. ಸಾಕಿದ ಹಕ್ಕಿ ಹೀಗೆ ಮಾಡುತ್ತದೆಯೇ ಎಂದು ನಾನೇ ಕೇಳಿದೆ. ಹಕ್ಕಿ ಬಲ್ಲ ಇವರಿಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಆದರೆ ಒಂದೇ ತಟ್ಟೆಯಲ್ಲಿ ಉಂಡ ಸ್ನೇಹಿತನನ್ನು ಪೇಪರ್ ತೋರಿಸು ಎಂದು ಕೇಳುವುದು ಹೇಗೆ ಎಂಬ ಸಂಕೋಚ. ಸುಡಲಿ ಆ ಸಂಕೋಚ.

“ಮನೋಜ ನಂಗೆ ಸುಳ್ಳು ಹೇಳಲ್ಲ ಕಣೆ ಅನಸೂಯಾ,” ಎಂದರು.

ಒಂಬತ್ತನೆಯ ದಿನ ವನ್ಯಜೀವಿ ಇಲಾಖೆಯ ಇಬ್ಬರು ಬಂದು ನೇರವಾಗಿ ಆ ನಾಲ್ಕರ ಗೂಡಿಗೇ ಹೋದರು. ಸಿಡ್ನಿಯಲ್ಲಿ ಮನೋಜ್ ಸಿಕ್ಕಿಬಿದ್ದಿದ್ದ. ಹಕ್ಕಿ ಹಿಡಿಸಿದ್ದೇ ಭಾಸ್ಕರ, ತಾನು ಬರೀ ತಲುಪಿಸಿದವನು ಎಂದು ಬರೆದುಕೊಟ್ಟಿದ್ದ. ಉಂಡ ಮನೆಯ ಗಳ ಎಣಿಸುವುದೆಂದರೆ ಇದೇ. ನನ್ನ ಕೈಯಿಂದ ಎರಡೆರಡು ಸಲ ಮುದ್ದೆ ಹಾಕಿಸಿಕೊಂಡು ತಿಂದು ಹೋಗಿದ್ದ, ದರಿದ್ರದವನು.

ಆ ನಾಲ್ಕರ ಜೊತೆ ನಮ್ಮ ಹನ್ನೊಂದೂ ಹೋದವು, ಲೈಸನ್ಸೂ ಹೋಯಿತು. ಕಾವು ಕೂತಿದ್ದ ಹೆಣ್ಣನ್ನು ಇವರೇ ಎರಡೂ ಕೈಯಲ್ಲಿ ಎತ್ತಿ ಅವರ ಪೆಟ್ಟಿಗೆಗೆ ಬಿಟ್ಟರು. ಮೊಟ್ಟೆಗಳು ಗೂಡಿನಲ್ಲೇ ತಣ್ಣಗಾದವು.

ಭಾನುವಾರ ಮನೋಜನ ಫೋನ್ ಬಂತು. ನಾನೂ ಕೇಳಬೇಕು, ಸ್ಪೀಕರ್ ಹಾಕಿ ಎಂದೆ.

“ನಿಂಗೆ ಇಲ್ಲೇ ಇರೋಕೆ ಪಿಆರ್ ಆಗಿದೆ ಮಗಾ, ನಂದಿನ್ನೂ ಪೆಂಡಿಂಗ್. ಕೇಸಾದ್ರೆ ನನ್ನ ವಾಪಸ್ ಕಳಿಸಿಬಿಡ್ತಾರೆ. ಅದಕ್ಕೇ ನಿನ್ನ ಹೆಸರು ಹೇಳ್ದೆ.”

ಈಗಲಾದರೂ ಬೈಯುತ್ತಾರೆ ಎಂದು ಕಾದೆ.

“ನನ್ನ ಕೇಳಿದ್ದಿದ್ರೆ ತಪ್ಪು ನಂದೇ ಅಂತ ನಾನೇ ಒಪ್ಕೋತಿದ್ದೆ ಕಣೋ,” ಎಂದರು.

ಹಕ್ಕಿ ಹೋದ ದಿನ ಅಳದ ಮನುಷ್ಯ ಅಂದು ಅಡುಗೆಮನೆಯಲ್ಲಿ ನಿಂತು ಅತ್ತರು. ಈಗಲೂ ಜನ ಗೌಜಲಕ್ಕಿ ಭಾಸ್ಕರ ಎಂದೇ ಕರೆಯುತ್ತಾರೆ. ಇವರು ತಿರುಗಿ ನೋಡುವುದಿಲ್ಲ.