ಪಟ್ಟಿಯಿಂದ ಬಿಟ್ಟುಹೋದ ಹಿರೇಕೆರೂರು

1986ರಲ್ಲಿ ನಾನು ಹಾನಗಲ್ಲಿನ ಕಚೇರಿಯೊಂದರಲ್ಲಿ ಡೇಟಾ ಲಿಂಕ್ ನೋಡಿಕೊಳ್ಳುವ ಎಂಜಿನಿಯರ್. ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಟರ್ಮಿನಲ್‌ಗಳು ಒಂದೇ ಲೈನಿನಲ್ಲಿದ್ದು, ದಿನದ ಮಳೆ ಮತ್ತು ಕೆರೆಗಳ ನೀರಿನ ವರದಿ ಕಳಿಸುತ್ತಿದ್ದವು. ಯಾವ ಊರೂ ತಾನಾಗಿ ಬಾಯಿ ಬಿಡುವಂತಿರಲಿಲ್ಲ. ನಮ್ಮ ಯಂತ್ರ ಒಂದೊಂದು ಊರಿನ ವಿಳಾಸ ಹಿಡಿದು ‘ಏನಾದರೂ ಇದೆಯೇ?’ ಎಂದು ಕೇಳಬೇಕು. ಆ ಊರು ಮಾತ್ರ ಉತ್ತರಿಸಬೇಕು. ಇದೇ ಪೋಲಿಂಗ್. ಪ್ರತಿ ಸಂದೇಶದ ಎರಡೂ ತುದಿಗೆ 01111110 ಎಂಬ ಗಡಿಗುರುತು, ಅಂದರೆ ಫ್ಲ್ಯಾಗ್. ಅದು ಸಂದೇಶದ ನಡುವೆ ತಪ್ಪಿಯೂ ಬರಬಾರದೆಂದು, ಸಾಲಾಗಿ ಐದು 1 ಬಂದರೆ ಕಳಿಸುವ ಯಂತ್ರ ಒಂದು 0 ತುರುಕುತ್ತಿತ್ತು, ಪಡೆಯುವ ಯಂತ್ರ ಅದನ್ನು ತೆಗೆದುಹಾಕುತ್ತಿತ್ತು. ಇಂಥ ಜಾಣ ಯಂತ್ರದ ಒಡೆಯ ನಾನೆಂಬ ಜಂಬ ನನಗಿತ್ತು.

ಆ ಮಳೆಗಾಲ ಹಿರೇಕೆರೂರಿನಿಂದ ಎಂಟು ದಿನ ವರದಿಯೇ ಬರಲಿಲ್ಲ. ಅಲ್ಲಿನ ಹಂಗಾಮಿ ಆಪರೇಟರ್ ರೇಣುಕಾ ಅವರನ್ನು ನಿರ್ಲಕ್ಷ್ಯಕ್ಕಾಗಿ ಶನಿವಾರ ಕೆಲಸದಿಂದ ಬಿಡಿಸುವ ಆದೇಶ ಸಿದ್ಧವಾಯಿತು. ತನಿಖೆಗೆಂದು ಶುಕ್ರವಾರ ತಿಳವಳ್ಳಿ ಹಾಯ್ದು ಹಿರೇಕೆರೂರಿಗೆ ಹೋಗುವ ಬಸ್ಸು ಹತ್ತಿದವನು ನಾನೇ.

ಆಕೆ ಎಂಟು ವರದಿಗಳನ್ನು ಮೇಜಿನ ಮೇಲಿಟ್ಟರು.

“ದಿನಾ ತಯಾರ್ ಮಾಡಿ ಕುಂತೇನ್ರಿ ಸರ, ಮಷಿನ್ ಕೇಳವಲ್ತು. ಟ್ರಂಕ್ ಕಾಲ್ ಹಚ್ಚಿದ್ರ, ಉಳಿದ ಊರು ಬರಾಕತ್ತಾವ, ತಪ್ಪು ನಿಮ್ದ ಅಂದ್ರಿ ನೀವು.”

ಅಂದದ್ದು ನಿಜ. ಅಂದು ಫೋನು ಕುಕ್ಕಿದ್ದೂ ನಿಜ.

ಲೈನಿನಲ್ಲಿ ಹರಿಯುವುದನ್ನೆಲ್ಲ ತೋರಿಸುವ ಅನಲೈಸರ್ ಹಚ್ಚಿದೆ. 01, ಶಿಗ್ಗಾವಿ. 02, ಸವಣೂರು. ಮತ್ತೆ 01. ಹಿರೇಕೆರೂರಿನ 03 ಬರಲೇ ಇಲ್ಲ. ಉತ್ತರಿಸದ ಊರಿಗಾಗಿ ಯಂತ್ರ ಪ್ರತಿ ಸಲ ಕಾಯುವುದರಿಂದ ಉಳಿದವರ ಸರದಿ ತಡವಾಗುತ್ತಿತ್ತು. ಹೀಗಾಗಿ ಸಂಪರ್ಕ ಕೆಟ್ಟ ಊರನ್ನು ಪೋಲಿಂಗ್ ಪಟ್ಟಿಯಿಂದ ತೆಗೆದು, ಸರಿಯಾದ ಮೇಲೆ ಸೇರಿಸುವುದು ನಮ್ಮ ರೂಢಿ. ಎಂಟು ದಿನದ ಹಿಂದೆ ಸಿಡಿಲು ಹೊಡೆದು ಹಿರೇಕೆರೂರಿನ ಸಂಪರ್ಕ ಕೆಟ್ಟಾಗ 03 ತೆಗೆದವನು ನಾನು. ಮರಳಿ ಸೇರಿಸಲು ಮರೆತವನೂ ನಾನೇ.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ಕುಳಿತೆ. ನಿಜ ಬರೆದರೆ ಬರಬೇಕಿದ್ದ ಬಡ್ತಿ ಹೋಗುತ್ತದೆ. ಟರ್ಮಿನಲ್ಲನ್ನು ಲೈನಿಗೆ ಜೋಡಿಸುವ ಮೋಡೆಮ್ ಕೆಟ್ಟಿತ್ತು ಎಂದು ಬರೆದರೆ, ಅದನ್ನು ನೋಡಿಕೊಳ್ಳುವ ಆಕೆಯ ಮೇಲೇ ತಪ್ಪು ಬೀಳುತ್ತದೆ. ನಾಚಿಕೆಯಾಗುತ್ತದೆ, ಐದು ನಿಮಿಷ ಆ ದಾರಿಯನ್ನೂ ಯೋಚಿಸಿದೆ.

“ನನ್ನ ತಪ್ಪೇನ್ರಿ ಸರ?”

“ನಿಮ್ದಲ್ರಿ, ನಂದು.”

ಹಾನಗಲ್ಲಿಗೆ ಫೋನ್ ಮಾಡಿ 03 ಸೇರಿಸಲು ಹೇಳಿದೆ. ಎಂಟೂ ವರದಿ ಸರಸರನೆ ಹೋದವು. ಆಕೆ ಪರದೆಯಿಂದ ಕಣ್ಣೆತ್ತದೆ, “ಒಂದ್ ಸಲ ಕೇಳಿದ್ರ ಸಾಕಿತ್ರಿ,” ಎಂದರು.

ತನಿಖಾ ವರದಿಯಲ್ಲಿ ನಿಜವನ್ನೇ ಬರೆದೆ. ಆಕೆಯ ಕೆಲಸ ಉಳಿಯಿತು; ನನ್ನ ಬಡ್ತಿ ತಡವಾಯಿತು. ಆಮೇಲೆ ಯಾವ ಊರು ಸುಮ್ಮನಾದರೂ, ಫೋನು ಎತ್ತುವ ಮೊದಲು ನಾನು ನೋಡುತ್ತಿದ್ದದ್ದು ನನ್ನ ಪಟ್ಟಿಯನ್ನು.