ಎಣ್ಣೆ ಹೊಕ್ಕ ಬೆರಳು

ಮೊನ್ನೆ ವಿದ್ಯಾರಣ್ಯಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಅಗೆಯುತ್ತಿದ್ದ ಯಂತ್ರವೊಂದರಿಂದ ಬಿಸಿ ಹೈಡ್ರಾಲಿಕ್ ಎಣ್ಣೆಯ ವಾಸನೆ ಬಂತು. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ನಮ್ಮ ಫೋರ್‌ಮನ್ ನೆನಪಾಗಿ ಮೈ ಉರಿಯಿತು.

ಅಬ್ಬಿಗೆರೆಯ ಆ ಶೆಡ್ಡಿನಲ್ಲಿ, ತಗಡು ಬಾಗಿಸುವ ಪ್ರೆಸ್ಸಿಗೆ ಅವರು ಚಕ್ರವರ್ತಿ, ನಾನು ಫಿಟ್ಟರ್. ನಮ್ಮಿಬ್ಬರಿಗೂ ಯಾಕೆ ಆಗುತ್ತಿರಲಿಲ್ಲ ಎಂಬುದನ್ನು ಇತಿಹಾಸ ದಾಖಲಿಸಿಲ್ಲ. ನಾನು ಕಾಫಿ ಕುಡಿಯುತ್ತೇನೆಂದೇ ಅವರು ಟೀ ಹಿಡಿದಿದ್ದರು. ಪ್ರೆಸ್ಸಿನ ಎಣ್ಣೆಯದೂ ಅವರದೂ ಒಂದೇ ಸ್ವಭಾವ. ಎಷ್ಟು ಅದುಮಿದರೂ ಕುಗ್ಗುವುದಿಲ್ಲ. ಬಿದ್ದ ಒತ್ತಡವನ್ನೆಲ್ಲ ಹಾಗೇ ಮುಂದಕ್ಕೆ ದಾಟಿಸುತ್ತದೆ. ಮಾಲೀಕರು ಬೆಳಿಗ್ಗೆ ಅವರನ್ನು ಒತ್ತಿದರೆ ಮಧ್ಯಾಹ್ನದೊಳಗೆ ಅದು ನನ್ನ ತಲೆಯ ಮೇಲೆ ಕೂತಿರುತ್ತಿತ್ತು.

ಆಯುಧಪೂಜೆಗೆ ಪ್ರೆಸ್ಸಿನ ತಲೆಯನ್ನು, ಎಂದರೆ ತಗಡನ್ನು ಒತ್ತುವ ಕಬ್ಬಿಣದ ದಿಮ್ಮಿಯನ್ನು, ಮೇಲೆತ್ತಿ ನಿಲ್ಲಿಸುವುದು ಅವರ ಪದ್ಧತಿ. ಹಾರ ಎದ್ದು ಕಾಣಬೇಕಲ್ಲ. ಅಷ್ಟು ಭಾರವೂ ರಬ್ಬರ್ ಪೈಪಿನೊಳಗೆ ಬಿಗಿದುಕೊಂಡ ಎಣ್ಣೆಯ ಮೇಲೆ. ಕೆಳಗಿಳಿಸಿ, ಒತ್ತಡ ಬಿಟ್ಟು, ಆಮೇಲೆ ಪೂಜೆ ಮಾಡಿ ಎಂದೆ.

"ದೇವರು ತಲೆ ಬಗ್ಗಿಸ್ಕೊಂಡು ಪೂಜೆ ಮಾಡಿಸ್ಕೊಳ್ತಾನೇನಯ್ಯಾ?" ಎಂದರು. ಎಲ್ಲರೂ ನಕ್ಕರು.

ಕುಂಕುಮ ಹಚ್ಚುತ್ತಾ ಹಚ್ಚುತ್ತಾ ಪೈಪಿಗೂ ಬೆರಳಿಟ್ಟರು. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಥಟ್ಟನೆ ಕೈ ಹಿಂದೆಗೆದರು. ಬೆರಳ ತುದಿಯಲ್ಲೊಂದು ಕೆಂಪು ಚುಕ್ಕೆ. ಕುಂಕುಮ ಎಂದರು ಎಲ್ಲರೂ. ಒರೆಸಿಕೊಂಡರು... ಚುಕ್ಕೆ ಮತ್ತೆ ಮೂಡಿತು. ನೋವಿಲ್ಲ ಎಂದರು. ಆ ಎಣ್ಣೆಯ ಕುತಂತ್ರವೇ ಅದು. ಸೂಜಿಯಂತೆ ಚರ್ಮ ತೂರಿ ಒಳಹೊಕ್ಕು, ಸದ್ದಿಲ್ಲದೆ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ.

"ಸಾರ್, ಎಣ್ಣೆ ಒಳಗೆ ಹೋಗಿದೆ. ಈಗ್ಲೇ ಆಸ್ಪತ್ರೆಗೆ ಹೋಗಿ, ಇಲ್ಲಾಂದ್ರೆ ಬೆರಳು ಉಳಿಯಲ್ಲ," ಎಂದೆ.

"ಬೇರೆ ಯಾರಾದ್ರೂ ಹೇಳಿದ್ರೆ ಹೋಗ್ತಿದ್ದೆ ಕಣಯ್ಯಾ. ನೀನ್ ಹೇಳಿದ್ಯಲ್ಲ, ಹೋಗಲ್ಲ."

ಅದೇ ಕೈಯಲ್ಲಿ ಬೂದುಗುಂಬಳಕಾಯಿ ಒಡೆದು, ಅದೇ ಕೈಯಲ್ಲಿ ಕಡಲೆಪುರಿ ಹಂಚಿದರು. ನನ್ನ ಪಾಲಿಗೆ ಪುರಿ ಮಾತ್ರ ಬಂತು, ಕಡಲೆ ಬರಲಿಲ್ಲ. ನಾನು ಪ್ರೆಸ್ ಆಪರೇಟರನನ್ನು ಪಕ್ಕಕ್ಕೆ ಕರೆದು, ನೀನಾದರೂ ಹೇಳು ಎಂದು ಕಳಿಸಿದೆ. ಯಾರು ಹೇಳಿಕೊಟ್ಟಿದ್ದು ಅಂತ ಗೊತ್ತು, ಹೋಗು ಎಂದು ಅವನನ್ನು ಅಟ್ಟಿದರು. ಮರುದಿನ ಬೆಳಿಗ್ಗೆ ಅಂಗೈ ಊದಿ ನೀಲಿಯಾಗಿತ್ತು. ಮನೆಯವರು ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಬೆರಳು ತೆಗೆದರು...

ಕೆಲಸಕ್ಕೆ ಮರಳಿದವರೇ, ನನ್ನದು ಕರಿನಾಲಿಗೆ ಎಂದು ಶೆಡ್ಡಿಗೆಲ್ಲ ಸಾರಿದರು. ಅಲ್ಲಿಂದ ಮುಂದೆ ನಾನು ನಟ್ಟು ಸಡಿಲವಾಗಿದೆ ಎನ್ನಲು ಬಾಯಿ ತೆರೆದರೂ ಜನ ಕೈಮುಗಿದು ಬಾಯಿ ಮುಚ್ಚಿಸುತ್ತಿದ್ದರು. ಮುಂದಿನ ಆಯುಧಪೂಜೆಗೆ ಮಾತ್ರ ಪ್ರೆಸ್ಸಿನ ತಲೆ ಇಳಿದಿತ್ತು. ಅದು ತಮ್ಮ ತಾತನ ಕಾಲದ ಸಂಪ್ರದಾಯವೆಂದು, ನನಗೆ ಕೇಳಿಸುವಂತೆ, ಅವರು ಘೋಷಿಸಿದರು.

ಕಳೆದ ತಿಂಗಳು ನಾಗಸಂದ್ರ ಮೆಟ್ರೊದಲ್ಲಿ ಆ ಆಪರೇಟರ್ ಸಿಕ್ಕಿದ್ದ. ಫೋರ್‌ಮನ್ ಹೋಗಿಬಿಟ್ಟರು ಎಂದ. "ಕೊನೇವರ್ಗೂ ನಿಮ್ಮನ್ನ ಬೈತಾನೇ ಇದ್ರು ಸಾರ್," ಎಂದ.

ಅಷ್ಟು ಶ್ರದ್ಧೆಯಿಂದ ನನ್ನನ್ನು ನೆನೆಯುವವರು ಈಗ ಮನೆಯಲ್ಲೂ ಇಲ್ಲ. ನನಗೆ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ. ಆದರೆ ಆ ಬೆರಳು ಹೋಗಬಾರದಿತ್ತು... ಹಟ ಹಿಡಿದು ಬೆರಳು ಕಳೆದುಕೊಳ್ಳುವಷ್ಟು ದೊಡ್ಡ ಶತ್ರು ನಾನೇನೂ ಆಗಿರಲಿಲ್ಲ.